ಕೋಲು ತಗಲುವ ಮೊದಲೇ

ಒದ್ದೆ ಬಟ್ಟೆ ಹಿಂಡಿ ಮೊದಲು ಜಾಡಿಯ ಹೊಟ್ಟೆ ಒರೆಸಿದೆ, ಆಮೇಲೆ ಕುತ್ತಿಗೆ, ಕೊನೆಗೆ ತಳ. ಭಟ್ಟಿಯಿಂದ ಬಂದ ಜಾಡಿಯ ತಳದಲ್ಲಿ ಬೂದಿ ಅಂಟಿಕೊಂಡಿರುತ್ತದೆ. ಅದನ್ನು ತೆಗೆಯದೆ ಬಡಿದರೆ ಸದ್ದು ಮಂಕಾಗುತ್ತದೆ. ಒರೆಸಿದ್ದನ್ನು ಅಪ್ಪನ ಮುಂದಿನ ಪೀಠದ ಮೇಲೆ, ಹುಲ್ಲಿನ ಸಿಂಬಿಯೊಳಗೆ ಕೂರಿಸಿದೆ. ಅಪ್ಪ ಪುಟ್ಟ ಮರದ ಕೋಲಿನಿಂದ ಒಮ್ಮೆ ಬಡಿದರು, ಗಟ್ಟಿ ಎಂಬ ಗುರುತಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದರು. ನಾನು ಅದನ್ನೆತ್ತಿ ಬಲಗಡೆ ಇಟ್ಟೆ. ಹೀಗೇ ಅರವತ್ತು ಜಾಡಿ. ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ಬಡಿಯುವ ಕೋಣೆಯಲ್ಲಿ ಮಾತಾಡಬಾರದು ಎಂಬುದು ನಮ್ಮ ಕಾರ್ಖಾನೆಯ ಕಟ್ಟಳೆ. ಗೋಡೆಗೆಲ್ಲ ಗೋಣಿಚೀಲ ಹೊಡೆದಿದೆ, ಬಾಗಿಲಿಗೆ ಕಂಬಳಿ ಇಳಿಬಿಟ್ಟಿದೆ. ನನಗಂತೂ ಹೇಳಿ ಮಾಡಿಸಿದ ಜಾಗ. ಏಳನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ನಾಲಿಗೆ ಅಂಟಿಕೊಂಡುಬಿಡುತ್ತಿತ್ತು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಮೇಸ್ತ್ರಿ ಮಾತ್ರ ಬಂದಾಗಲೆಲ್ಲ, ಈ ಹುಡುಗಿಯ ಬಾಯಿಗೆ ಹಾಕಿದ ಬೀಗದ ಕೈ ಎಲ್ಲಿ ಕಳೆದುಕೊಂಡಿರಿ ಎಂದು ಅಪ್ಪನನ್ನು ಕೇಳಿ, ತಮ್ಮ ಮಾತಿಗೆ ತಾವೇ ನಗುತ್ತಾರೆ.

ಅಪ್ಪನನ್ನು ಎಲ್ಲರೂ ಕರೆಯುವುದು ಕಿವಿಯಣ್ಣ ಎಂದು. ಇಪ್ಪತ್ತೆರಡು ವರ್ಷದಿಂದ ಈ ಕಾರ್ಖಾನೆಯ ಒಂದು ಜಾಡಿಯೂ ಅವರ ಕೋಲಿನ ಏಟು ತಿನ್ನದೆ ಗೇಟು ದಾಟಿಲ್ಲ. ಗಟ್ಟಿ ಜಾಡಿಯನ್ನು ಬಡಿದರೆ ದನಿ ಉದ್ದಕ್ಕೆ ಹರಿದು ನಿಧಾನವಾಗಿ ಆರುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ತುದಿಯಲ್ಲಿ ಗಕ್ಕನೆ ತುಂಡಾಗುತ್ತದೆ. ನೀರು ತುಂಬಿ ಒಂದು ರಾತ್ರಿ ಇಟ್ಟರೂ ಬಿರುಕು ತಿಳಿಯುತ್ತದೆ, ನಿಜ. ಆದರೆ ದಿನಕ್ಕೆ ನಾನೂರು ಜಾಡಿಗೆ ನೀರು ತುಂಬಿ, ಚೆಲ್ಲಿ, ಒಣಗಿಸುವುದು ಆಗುವ ಹೋಗುವ ಮಾತಲ್ಲ. ಅಪ್ಪನ ಕಿವಿಗೆ ಒಂದು ಏಟು ಸಾಕಿತ್ತು.

ಆ ವಾರ ನೀಲಿ ಜಾಡಿಗಳು ಹಿಂದಿರುಗಿ ಬಂದವು. ನೂರರಲ್ಲಿ ಹದಿನಾರು. ತುಂಬಿದ ಎಣ್ಣೆ ಜಿನುಗಿ ಅಂಗಡಿಯವರ ಕಪಾಟೆಲ್ಲ ಹಾಳಾಗಿತ್ತಂತೆ. ಹದಿನಾರರ ಮೇಲೂ ಅಪ್ಪನ ಗೀಟು.

ಆ ನೀಲಿ ಮೆರುಗು ಅಮ್ಮನದು. ಅಮ್ಮ ಬಣ್ಣದ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಇಪ್ಪತ್ತು ವರ್ಷ ಅದೇ ಕಂದು ಜಾಡಿ ಅದ್ದಿ ಅದ್ದಿ ಬೇಸತ್ತು, ತಾನೇ ಪುಡಿ ಬೆರೆಸಿ, ಎರಡು ವರ್ಷ ಕೆಡಿಸಿ, ಕೊನೆಗೆ ಆ ಬಣ್ಣ ತಂದಳು. ಮೊದಲ ಜಾಡಿ ಭಟ್ಟಿಯಿಂದ ಹೊರಬಂದಾಗ ಬೆಂಕಿ ಹಾಕುವವರೂ ಕೆಲಸ ಬಿಟ್ಟು ಬಂದು ನೋಡಿದ್ದರು.

ಮೇಸ್ತ್ರಿಯ ಲೆಕ್ಕಾಚಾರ ಸರಳವಾಗಿತ್ತು. ಕಂದು ಜಾಡಿ ದಪ್ಪ, ದನಿಯೂ ದಪ್ಪ. ನೀಲಿ ಜಾಡಿ ತೆಳು, ಅದರ ಸಣ್ಣ ದನಿ ವಯಸ್ಸಾದ ಕಿವಿಗೆ ಎಟುಕುವುದಿಲ್ಲ. ಕಾರ್ಖಾನೆಯ ಯಜಮಾನಮ್ಮನಿಗೂ ಅದು ಸರಿ ಎನಿಸಿತು. ಸೋಮವಾರದಿಂದ ಅಪ್ಪ ಕೋಲನ್ನು ಮೇಸ್ತ್ರಿಯ ಭಾವಮೈದುನನಿಗೆ ಕೊಟ್ಟು, ಪೆಟ್ಟಿಗೆಗೆ ಹುಲ್ಲು ತುಂಬುವ ಕಡೆ ಹೋಗಬೇಕು ಎಂದಾಯಿತು.

ಅಂದಿನಿಂದ ಎಲ್ಲರೂ ಅಪ್ಪನ ಹತ್ತಿರ ಕೂಗಿ ಕೂಗಿ ಮಾತಾಡತೊಡಗಿದರು. ಗೇಟಿನ ಕಾವಲುಗಾರ ಎರಡು ಮಾರು ದೂರದಿಂದಲೇ ಬೆಟ್ಟಕ್ಕೆ ಕೇಳಿಸುವ ಹಾಗೆ ಊಟ ಆಯಿತೇ ಎನ್ನುತ್ತಿದ್ದ. ಮೂರನೇ ದಿನ ನಾನು ಕಂಡದ್ದು ಇನ್ನೂ ವಿಚಿತ್ರ. ಮನೆಯಲ್ಲಿ ಅಮ್ಮ ಮೆಲ್ಲಗೆ ಉಪ್ಪು ಕೇಳಿದರೂ ಅಪ್ಪ, ಏನು, ಏನಂದೆ ಎನ್ನತೊಡಗಿದರು. ಹೋದ ವಾರ ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಹಾಸಿಗೆಯಲ್ಲಿ ಮಲಗಿಯೇ ಕೇಳಿಸಿಕೊಂಡು ಬೈದುಕೊಳ್ಳುತ್ತಿದ್ದ ಮನುಷ್ಯ! ಕಿವುಡ ಎಂದು ನಾಲ್ಕು ಜನ ಹೇಳಿದ್ದಕ್ಕೆ ಕಿವಿಯೂ ಹೌದೆಂದು ತಲೆಯಾಡಿಸಿತ್ತು.

ನನಗೆ ಮಾತು ಬರದಿದ್ದರೂ ನೋಡುವುದು ಚೆನ್ನಾಗಿ ಬರುತ್ತದೆ. ಕಂದು ಜಾಡಿ ಬಡಿಯುವಾಗ ಅಪ್ಪ ತಲೆಯನ್ನು ಎಡಕ್ಕೆ ವಾಲಿಸಿ, ಗೋಡೆಯ ಗೋಣಿಚೀಲವನ್ನು ನೋಡುತ್ತಿದ್ದರು. ನೋಡುತ್ತಿದ್ದರು ಎನ್ನುವುದೂ ತಪ್ಪು, ಕಣ್ಣನ್ನು ಸುಮ್ಮನೆ ಅಲ್ಲಿ ಬಿಟ್ಟಿರುತ್ತಿದ್ದರು. ನೀಲಿ ಜಾಡಿ ಬಂದಾಗ ಹಾಗಲ್ಲ. ಕಣ್ಣು ಜಾಡಿಯ ಮೇಲೆಯೇ. ಮುಖ ಸಡಿಲವಾಗುತ್ತಿತ್ತು. ಕೋಲು ತಗಲುವ ಮೊದಲೇ ತಲೆ ಹೌದು ಎನ್ನುತ್ತಿತ್ತು, ಸೀಮೆಸುಣ್ಣ ಬೆರಳಿಗೆ ಬಂದಿರುತ್ತಿತ್ತು.

ಶುಕ್ರವಾರ ಅಪ್ಪ ಮೂಲೆಯ ಹೂಜಿಯಿಂದ ನೀರು ಕುಡಿಯುತ್ತಿದ್ದರು, ಬೆನ್ನು ನನ್ನ ಕಡೆ. ಹಿಂದಿರುಗಿ ಬಂದ ನೀಲಿ ಜಾಡಿಯೊಂದರ ಹಳೆಯ ಗೀಟು ಒರೆಸಿ, ಪೀಠದ ಮೇಲಿಟ್ಟು ನಾನೇ ಕೋಲಿನಿಂದ ಬಡಿದೆ. ಅಪ್ಪ ತಿರುಗಿಯೂ ನೋಡಲಿಲ್ಲ, ಲೋಟ ಬಾಯಿಂದ ತೆಗೆಯುತ್ತಾ, ಅದನ್ನು ಎಡಕ್ಕೆ ಇಡು, ಬಿರುಕು ಬಿಟ್ಟಿದೆ ಎಂದರು. ನಾನು ಇಡಲಿಲ್ಲ. ಅವರು ಬಂದು ಕೂತು, ಅದೇ ಜಾಡಿಯನ್ನು ನೋಡಿ, ಬಡಿದು, ಗೀಟು ಎಳೆದರು. ತಾವು ಈಗ ತಾನೇ ಆಡಿದ ಮಾತು ಅವರ ನೆನಪಿನಲ್ಲೇ ಇರಲಿಲ್ಲ.

ಆದರೆ ಬೇಕೆಂದೇ ಸುಳ್ಳು ಗೀಟು ಎಳೆದರು ಎಂದು ಅಪ್ಪನ ಮೇಲೆ ಅನುಮಾನ ಬರಲಿಲ್ಲ. ಏಕೆಂದರೆ ಅದು ನನಗೂ ಆಗಿತ್ತು. ಹಿಂದೊಮ್ಮೆ ಅಪ್ಪ ಊಟಕ್ಕೆ ಹೋದಾಗ ಆಟಕ್ಕೆಂದು ಬಡಿದು ನೋಡುತ್ತಿದ್ದೆ. ಒಂದು ಜಾಡಿಯ ಮೇಲೆ ಸಣ್ಣ ಕಪ್ಪು ಗೆರೆ ಕಂಡಿತು; ಬಡಿದೆ, ದನಿ ತುಂಡಾಗಿ ಕೇಳಿಸಿತು. ಒದ್ದೆ ಬಟ್ಟೆಯಿಂದ ಒರೆಸಿದಾಗ ಗೆರೆ ಬಟ್ಟೆಗೇ ಅಂಟಿಕೊಂಡು ಬಂದುಬಿಟ್ಟಿತು. ಅದು ನನ್ನದೇ ತಲೆಗೂದಲು. ಮತ್ತೆ ಬಡಿದೆ, ದನಿ ಉದ್ದಕ್ಕೆ ಹರಿಯಿತು. ಜಾಡಿ ಎರಡು ಸಲವೂ ಹೇಳಿದ್ದು ಒಂದೇ. ನನ್ನ ತಲೆ ಕಣ್ಣಿನ ಮಾತು ಕೇಳಿ ಅದನ್ನು ತಿದ್ದಿ ಬರೆದುಕೊಂಡಿತ್ತು.

ರಾತ್ರಿಯವರೆಗೆ ಕಾಯಲಾಗಲಿಲ್ಲ. ಸಂಜೆಯ ಗಂಟೆ ಹೊಡೆಯುವ ಮೊದಲೇ ಬಣ್ಣದ ಕೋಣೆಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಮೊಣಕೈವರೆಗೆ ನೀಲಿಯಾಗಿದ್ದ ಅಮ್ಮ ಬಹಳ ಹೊತ್ತು ಬಕೆಟಿನಲ್ಲಿ ಕೋಲಾಡಿಸುತ್ತಲೇ ಇದ್ದಳು. ಆಮೇಲೆ ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಇಪ್ಪತ್ತು ವರ್ಷ ಸಂಸಾರ ಮಾಡಿದೀನಿ, ಒಂದು ದಿನ ಬಾಯ್ತುಂಬ ಹೊಗಳಲಿಲ್ಲ ಈ ಮನುಷ್ಯ. ಈಗ ನೋಡು, ಒಡೆದ ಜಾಡೀಗೆಲ್ಲ ಭೇಷ್ ಅಂತ ಗೀಟು ಎಳೀತಾ ಕೂತವ್ರೆ."

ನೀನೇ ಹೋಗಿ ಯಜಮಾನಮ್ಮನಿಗೆ ಹೇಳು ಎಂದೆ. ಅಮ್ಮ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು. ಅವಳು ಹೇಳಿದರೆ ಗಂಡನ ಪರ ವಕಾಲತ್ತು ಎನ್ನುತ್ತಾರಂತೆ, ಕಂಡವಳೇ ಹೇಳಬೇಕಂತೆ.

ಯಜಮಾನಮ್ಮನ ಕೋಣೆಯ ಹೊಸ್ತಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಒಳಗೆ ಮೇಸ್ತ್ರಿಯೂ ಇದ್ದರು. ಏನಮ್ಮಾ, ದಾರಿ ತಪ್ಪಿ ಬಂದೆಯಾ ಎಂದರು. ಎಂದಿನಂತೆ ನಾಲಿಗೆ ಅಂಟಿಕೊಂಡಿತು. ಸೋಮವಾರ ಅಪ್ಪ ಹುಲ್ಲಿನ ರಾಶಿಯ ಮುಂದೆ ಕೂತಿರುವುದು ಕಣ್ಣಿಗೆ ಕಟ್ಟಿತು.

"ಅಪ್ಪನ ಕಿವಿ ಸರಿಯಾಗಿದೆ. ಕಣ್ಣು ಅಡ್ಡ ಬರ್ತಿದೆ," ಎಂದೆ. "ಗೋಡೆ ಕಡೆ ತಿರುಗಿಸಿ ಕೂರಿಸಿ. ಬೇರೆಯವರು ಬಡೀಲಿ. ಒಂದು ತಪ್ಪಿದರೂ ನಾನೇ ಕೋಲು ತಂದುಕೊಡ್ತೀನಿ."

ಮೇಸ್ತ್ರಿಗೆ ನಗು ಮರೆತುಹೋಯಿತು. ಯಜಮಾನಮ್ಮ ಕನ್ನಡಕ ತೆಗೆದು, ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆಯೂ ಹೇಳಿದೆ. ಎರಡನೇ ಸಲ ಹೇಳುವುದು ಸುಲಭ ಎಂದು ಅಂದೇ ಗೊತ್ತಾದದ್ದು.

ಅಪ್ಪನಿಗೂ ನಾನೇ ಹೇಳಬೇಕಾಯಿತು. ಅವರು ಕೋಲನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೇಳಿದರು. ಎಷ್ಟು ದಿನದಿಂದ ನೋಡುತ್ತಿದ್ದೆ ಎಂದು ವಿಚಾರಿಸಿದರು. ನಾಲ್ಕು ದಿನ ಎಂದೆ. ಅಷ್ಟೇ, ಬೇಸರವೋ ಸಮಾಧಾನವೋ ಮುಖದಲ್ಲಿ ಸಿಗಲಿಲ್ಲ. ಮಾರನೆಯ ದಿನ ತಾವೇ ಸ್ಟೂಲನ್ನು ಎತ್ತಿ ಗೋಡೆಯ ಕಡೆ ತಿರುಗಿಸಿ ಹಾಕಿದರು.

ಮೇಸ್ತ್ರಿಯೇ ಆರಿಸಿದ ನಲವತ್ತು ನೀಲಿ ಜಾಡಿಗಳಿಗೆ ಯಜಮಾನಮ್ಮ ಶುಕ್ರವಾರ ಸಂಜೆಯೇ ತಮ್ಮ ಕಣ್ಣೆದುರು ಕುತ್ತಿಗೆಯವರೆಗೆ ನೀರು ತುಂಬಿಸಿದ್ದರು. ಬೆಳಗಾಗುವಷ್ಟರಲ್ಲಿ ಜಿನುಗಿದ್ದು ಹನ್ನೆರಡು. ಯಾವ ಸಂಖ್ಯೆಯವು ಎಂಬುದು ಅವರ ಕೈಯ ಚೀಟಿಯಲ್ಲಿತ್ತು. ಇಡೀ ಶನಿವಾರ ಬಿಸಿಲಿನಲ್ಲಿ ಒಣಗಿದ ಜಾಡಿಗಳನ್ನು ಸಂಜೆ ಒಳಗೆ ತಂದೆವು. ನಾನು ಪೀಠದ ಮೇಲಿಡುವುದು, ಯಜಮಾನಮ್ಮ ಬಡಿಯುವುದು, ಅಪ್ಪ ಗೋಡೆಗೆ ಮುಖ ಮಾಡಿ ಹೇಳುವುದು. ಮೇಸ್ತ್ರಿ ಚೀಟಿ ಹಿಡಿದು ನಿಂತರು. ಅಮ್ಮ ಬಾಗಿಲ ಕಂಬಳಿಯ ಪಕ್ಕ.

ಮೊದಲನೆಯದು ಬಡಿದ ಕೂಡಲೇ ಅಪ್ಪ ಬೆರಳೆತ್ತಿದರು.

"ಉಂಗುರ ತೆಗೆದಿಡಿ ಅಮ್ಮಾ. ಕೋಲಿಗೆ ತಗಲ್ತಿದೆ, ನನಗೆ ಎರಡೆರಡು ಕೇಳ್ತಿದೆ."

ಯಜಮಾನಮ್ಮ ಮೇಸ್ತ್ರಿಯ ಮುಖ ನೋಡಿ, ಉಂಗುರ ಕಳಚಿ ಮೇಜಿನ ಮೇಲಿಟ್ಟರು.

ಆಮೇಲೆ ಕೋಲಿನ ಸದ್ದು, ಅಪ್ಪನ ಒಂದೊಂದು ಪದ, ಇಷ್ಟೇ. ಬಲಕ್ಕೆ. ಬಲಕ್ಕೆ. ಎಡಕ್ಕೆ. ಬಲಕ್ಕೆ. ಅವರ ತಲೆ ಹಳೆಯ ಹಾಗೆ ಎಡಕ್ಕೆ ವಾಲಿತ್ತು. ನಾನು ಪ್ರತಿ ಸಲವೂ ಮೇಸ್ತ್ರಿಯ ಬೆರಳನ್ನು ನೋಡುತ್ತಿದ್ದೆ. ಚೀಟಿಯ ಮೇಲೆ ಅದು ಒಂದೊಂದೇ ಸಾಲು ಇಳಿಯುತ್ತಿತ್ತು, ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಮೂವತ್ತೊಂದರಲ್ಲಿ ನಿಂತಿತು.

ಅಪ್ಪ ಎಡಕ್ಕೆ ಎಂದಿದ್ದರು. ಚೀಟಿಯಲ್ಲಿ ಅದು ಗಟ್ಟಿ ಜಾಡಿ. ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. ಇನ್ನೊಮ್ಮೆ ಯೋಚಿಸಿ ಎಂದು ಯಜಮಾನಮ್ಮ ಮತ್ತೆ ಬಡಿದರು.

"ಬಿಟ್ಟಿದೆ," ಎಂದರು ಅಪ್ಪ. "ಮೇಲ್ಗಡೆ ಎಲ್ಲೋ. ಬಾಯಿ ಹತ್ತಿರ ನೋಡಿ."

ಯಜಮಾನಮ್ಮ ಜಾಡಿಯನ್ನು ಕಿಟಕಿಗೆ ಒಯ್ದು, ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಸುತ್ತಲೂ ಗೀಚುತ್ತಾ ಹೋದರು. ಒಂದು ಕಡೆ ಉಗುರು ಸಿಕ್ಕಿಕೊಂಡಿತು. ಕುತ್ತಿಗೆಯಿಂದ ಮೇಲೆ, ನೀರು ಮುಟ್ಟದ ಜಾಗದಲ್ಲಿ, ರೆಪ್ಪೆಗೂದಲಿನಷ್ಟು ಬಿರುಕು. ಅವರು ಮೇಸ್ತ್ರಿಯ ಕೈಯಿಂದ ಚೀಟಿ ತೆಗೆದುಕೊಂಡು, ಮೂವತ್ತೊಂದನ್ನು ಹೊಡೆದು ಹಾಕಿ ತಿದ್ದಿದರು. ನೀರಿನ ಲೆಕ್ಕವನ್ನು ನಮ್ಮಪ್ಪನ ಕಿವಿ ತಿದ್ದಿತ್ತು.

ಉಳಿದ ಒಂಬತ್ತನ್ನು ಯಜಮಾನಮ್ಮ ಬಹಳ ಮೆಲ್ಲಗೆ, ಹೂವು ಮುಟ್ಟುವ ಹಾಗೆ ಬಡಿದರು. ಒಂದೂ ತಪ್ಪಲಿಲ್ಲ. ಎಡಗಡೆ ಹದಿಮೂರು ಜಾಡಿ, ಬಲಗಡೆ ಇಪ್ಪತ್ತೇಳು, ನಡುವೆ ಖಾಲಿ ಪೀಠ. ಮೇಸ್ತ್ರಿ ತಮ್ಮ ಬರಿಗೈಯನ್ನೇ ನೋಡಿಕೊಳ್ಳುತ್ತಿದ್ದರು. ಅಮ್ಮ ಕಂಬಳಿಯ ಅಂಚನ್ನು ಹಿಡಿದಿದ್ದಳು, ಅದಕ್ಕೆ ನೀಲಿ ಹತ್ತುತ್ತಿತ್ತು. ಯಜಮಾನಮ್ಮ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು, ಎಲ್ಲಿಡಬೇಕೆಂದು ತೋಚದವರಂತೆ.

ನಾನು ಅಪ್ಪನ ಬೆನ್ನನ್ನು ನೋಡುತ್ತಿದ್ದೆ. ಈ ವಾರವೆಲ್ಲ ಗೂನಾಗಿದ್ದ ಬೆನ್ನು ಈಗ ಕಂಬದಂತೆ ನೆಟ್ಟಗಿತ್ತು. ಅವರು ಎಷ್ಟಾಯಿತೆಂದು ಎಣಿಸಿರಲಿಲ್ಲ. ಕಿವಿ ತೆರೆದುಕೊಂಡು, ಗೋಣಿಚೀಲದ ಮುಂದೆ ಕೂತೇ ಇದ್ದರು.

"ಮುಂದಿನ್ದು ಇಡು, ಪುಟ್ಟೀ," ಎಂದರು.