ಮಾಲಿಲ್ವೆಯ ತಲೆಯೊಳಗಿನ ಚುಕ್ಕೆ

ದೊಡ್ಡಮ್ಮ ನಮೂಂಗಾ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುವುದನ್ನು ಕಂಡು ಲುಯಾಂಡೋ ಬಿಸಿನೀರಿನ ಬೋಗುಣಿಯನ್ನು ನೆಲಕ್ಕೆ ಕುಕ್ಕಿದಳು. ಚಾಪೆಯ ಮೇಲೆ ಅವಳ ಅಮ್ಮ ಮಾಲಿಲ್ವೆಯ ಹೆಣವಿತ್ತು. ಎದೆನೋವು ಬಂದು ಹೋದವಳು.

“ಇದೇನ್ ದೊಡ್ಡಮ್ಮ? ಒಡಹುಟ್ಟಿದ ತಂಗಿಗೆ ಸ್ನಾನ ಮಾಡ್ಸೋಕೆ ಚೀಲ ಬೇಕಾ?”

“ಮೂರ್ಛೆರೋಗದೋಳು ಕಣೇ. ಬಾಯಿಂದ ಬರೋ ನೊರೆ ಒಂದು ಹನಿ ತಾಗಿದ್ರೂ ನಮಗೆ ಅಂಟ್ಕೊಳ್ಳತ್ತೆ. ಮನೇಲಿ ಮೊಮ್ಮಕ್ಕಳಿದ್ದಾವೆ ನಂಗೆ.”

ಮಾತ್ರೆ ಶುರುವಾದ ಮೇಲೆ ಅಮ್ಮನಿಗೆ ಮೂರ್ಛೆಯೇ ಬಂದಿರಲಿಲ್ಲ. ಆದರೂ ಮೊಂಜೆ ಊರಿನ ನೆಂಟರು ಅವಳ ತಟ್ಟೆಯನ್ನು ಬೇರೆಯೇ ಇಟ್ಟಿದ್ದರು. ಅದನ್ನೆಲ್ಲ ನುಂಗಿಕೊಂಡಿದ್ದ ಲುಯಾಂಡೋಗೆ ಈಗ ಸಿಟ್ಟು ನೆತ್ತಿಗೇರಿತು. ಕೊನೆಯ ಸ್ನಾನವಾದರೂ ಅಮ್ಮನಿಗೆ ಬರಿಗೈಯಲ್ಲಿ ಆಗಬೇಕು.

‘ನನ್ನ ತಲೇನ ಊರಿಗೆಲ್ಲ ತೋರಿಸ್ಬೇಡ’ ಎಂದು ಅಮ್ಮ ಆಣೆ ಹಾಕಿಸಿದ್ದಳು. ಲುಯಾಂಡೋ ಆಣೆ ಮುರಿದಳು. ಪೆಟ್ಟಿಗೆಯಿಂದ ಎಂಆರ್‌ಐ ಫಿಲ್ಮ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಕತ್ತು ಚಾಚಿದರು.

“ಇದೇನೇ, ಕುಂಬಳಕಾಯಿ ಹೋಳಾ?”

“ಅಮ್ಮನ ಮಿದುಳು.”

“ಅಬ್ಬಾ! ಮಾಲಿಲ್ವೆಗೆ ಇಷ್ಟೊಂದಿತ್ತಾ?”

*

ಲುಸಾಕಾದ ಆಸ್ಪತ್ರೆಯಲ್ಲಿ ಆ ಫಿಲ್ಮ್ ತೆಗೆಸಿದ ದಿನ, ಅಲುಗಾಡಬೇಡ ಎಂದು ಎಷ್ಟು ಹೇಳಿದರೂ ಮಾಲಿಲ್ವೆ ಕೇಳಿರಲಿಲ್ಲ. ಯಂತ್ರ ಡಬಡಬ ಬಡಿದಾಗಲೆಲ್ಲ, ತಮ್ಮೂರಲ್ಲಿ ಹಿರಿಯರು ಮಾತಾಡಿಸಿದರೆ ಮಾಡುವಂತೆ, ಅಂಗೈ ಸೇರಿಸಿ ಮೆಲ್ಲಗೆ ತಟ್ಟುತ್ತಿದ್ದಳು. ತಲೆ ಕುಲುಕಿ ಚಿತ್ರವೆಲ್ಲ ಕದಡಿತು.

“ಯಾಕಮ್ಮ ಹಂಗ್ ಮಾಡ್ದೆ?” ಎಂದು ಲುಯಾಂಡೋ ಕೇಳಿದಳು.

“ಅಷ್ಟು ದೊಡ್ಡ ದನೀಲಿ ಮಾತಾಡಿಸ್ತಿದ್ದಾರೆ, ಸುಮ್ನೆ ಬಿದ್ಕೊಂಡಿರೋಕೆ ನಾನೇನು ಮರ್ಯಾದೆ ಇಲ್ದೋಳಾ?”

ಎರಡನೇ ಸಲ ನರ್ಸಮ್ಮ ನಗುತ್ತಲೇ ಅವಳ ಕೈಗಳನ್ನು ಹಿಡಿದುಕೊಂಡು ನಿಂತಳು. ಹಾಗೆ ಯಾರೂ ಕೈ ಹಿಡಿದು ಎಷ್ಟೋ ಕಾಲವಾಗಿತ್ತು. ಮಾಲಿಲ್ವೆ ಮಿಸುಕದೆ ಮಲಗಿದಳು.

*

ಲುಯಾಂಡೋ ಫಿಲ್ಮಿನ ಮೇಲೆ ಬೆರಳಿಟ್ಟು ಹೆಂಗಸರಿಗೆ ತೋರಿಸಿದಳು. “ಈ ಕಪ್ಪು ಚುಕ್ಕೆ ನೋಡಿ. ಹುಳದ ಮೊಟ್ಟೆ ಹೊಟ್ಟೆಗೆ ಹೋಗಿ, ಮಿದುಳಿಗೆ ಹತ್ತಿ, ಅಲ್ಲೇ ಗಂಟಾಗಿದೆ. ಮೂರ್ಛೆ ಬರ್ತಿದ್ದಿದ್ದು ಇದರಿಂದ. ನೊರೆ ತಾಗಿದ್ರೆ ಯಾರಿಗೂ ಬರಲ್ಲ ಅಂತ ಡಾಕ್ಟ್ರೇ ಹೇಳಿದ್ರು.”

ದೊಡ್ಡಮ್ಮ ಫಿಲ್ಮಿಗೆ ಮೂಗು ತಾಗುವಷ್ಟು ಹತ್ತಿರ ಬಂದಳು.

“ಇಷ್ಟೇನಾ? ಜೋಳದ ನುಚ್ಚಿನಷ್ಟೂ ಇಲ್ವಲ್ಲೇ!”

“ಇಷ್ಟೇ ದೊಡ್ಡಮ್ಮ.”

“ಇಷ್ಟಕ್ಕಾ ನಾನು, ಅವಳು ಒಲೆ ಮೇಲೆ ಬಿದ್ದಾಗ ಎತ್ತದೆ ನಿಂತಿದ್ದು?”

ಮಾಲಿಲ್ವೆಯ ತೋಳಿನ ಸುಟ್ಟ ಕಲೆ ಎಲ್ಲರಿಗೂ ಕಾಣುತ್ತಿತ್ತು.

ದೊಡ್ಡಮ್ಮ ಚೀಲಗಳನ್ನು ಕಿತ್ತೆಸೆದು ತಂಗಿಯ ಪಕ್ಕ ಕುಳಿತಳು. ತೋಳನ್ನು ಉಜ್ಜಿ ತೊಳೆದಳು, ಕತ್ತು ತೊಳೆದಳು. ತುಟಿಯಂಚಿನಲ್ಲಿ ಒಂದಿಷ್ಟು ಜೊಲ್ಲು ಒಸರಿತ್ತು. ಸೊಂಟಕ್ಕೆ ಸುತ್ತಿದ್ದ ಬಟ್ಟೆಯ ತುದಿಯಿಂದ ಅದನ್ನು ಒರೆಸಿ, ಅದೇ ತುದಿಯಿಂದ ತನ್ನ ಕಣ್ಣು ಒರೆಸಿಕೊಂಡಳು.