ಮೀನಿಗೊಂದು ಲಾರಿ, ಲಾರಿಗೊಬ್ಬಳು ವರ್ನಾ

೧

ಎಲ್ಲಿಂದ ಶುರು ಮಾಡಲಿ? ನದಿಯಿಂದ ಶುರು ಮಾಡಿದರೆ ನೀವು ಪುಟ ತಿರುವಿಬಿಡುತ್ತೀರಿ. ನದಿ ಎಂದ ಕೂಡಲೇ ಕಥೆಗಾರರಿಗೆ ಏನೋ ಆಗಿ ವಾಕ್ಯಗಳು ಉದ್ದವಾಗುತ್ತವೆ. ಅಣೆಕಟ್ಟಿನಿಂದ ಶುರು ಮಾಡಿದರೆ ಸರ್ಕಾರಿ ಕರಪತ್ರ. ಮೀನಿನಿಂದ? ಅದನ್ನೂ ಮಾಡಿ ನೋಡಿದೆ. ಮೊದಲ ಡ್ರಾಫ್ಟಿನಲ್ಲಿ ಒಂದು ಸಾಲ್ಮನ್ ಮರಿ ಸ್ವಾತಂತ್ರ್ಯದ ಬಗ್ಗೆ ಒಂದೂವರೆ ಪುಟ ಭಾಷಣ ಬಿಗಿಯಿತು. (ಹರಿದು ಹಾಕಿದೆ. ನನಗಿಂತ ಚೆನ್ನಾಗಿ ಮಾತಾಡುತ್ತಿತ್ತು.)

ಲಾರಿಯಿಂದಲೇ ಶುರು ಮಾಡುತ್ತೇನೆ.

೨

ಅಮೆರಿಕದ ಕೊಲಂಬಿಯಾ ನದಿಯ ದಂಡೆಗುಂಟ ಹೋಗುವ ಹೆದ್ದಾರಿಯಲ್ಲಿ, ಜುಲೈ ತಿಂಗಳ ಒಂದು ಮಧ್ಯಾಹ್ನ, ಟ್ಯಾಂಕರ್ ಲಾರಿಯೊಂದು ಪಶ್ಚಿಮಕ್ಕೆ ಓಡುತ್ತಿತ್ತು. ಒಳಗೆ ಹಾಲೂ ಇರಲಿಲ್ಲ, ಪೆಟ್ರೋಲೂ ಇರಲಿಲ್ಲ. ಇಪ್ಪತ್ತು ಸಾವಿರ ಸಾಲ್ಮನ್ ಮರಿಗಳಿದ್ದವು, ನದಿಯಲ್ಲಿ ಹುಟ್ಟಿ ಬೆಳೆಯಲು ಸಮುದ್ರಕ್ಕೆ ಹೋಗುವ ಮೀನು. ಪಕ್ಕದಲ್ಲೇ ನದಿ. ಲಾರಿಯೂ ಸಮುದ್ರದ ಕಡೆಗೆ, ನದಿಯೂ ಸಮುದ್ರದ ಕಡೆಗೆ.

(ಇದು ನನ್ನ ಕಲ್ಪನೆಯಲ್ಲ. ಇಷ್ಟು ದೊಡ್ಡ ವ್ಯಂಗ್ಯ ನನ್ನ ಕೈಲಾಗುವುದಿಲ್ಲ. ನಮ್ಮ ಕಡೆ ಮೀನುಗಳು ರಸ್ತೆ ಮೇಲೂ ಪ್ರಯಾಣ ಮಾಡುತ್ತವೆ.)

ಕಾರಣ ಸುಲಭ. ಅಣೆಕಟ್ಟಿನ ಗೇಟು ತೆಗೆದು ನೀರು ಬಿಟ್ಟರೆ ಮರಿಗಳು ದಾಟಿಕೊಳ್ಳುತ್ತವೆ, ಆದರೆ ಕರೆಂಟು ಕಡಿಮೆಯಾಗುತ್ತದೆ. ಅದೇ ನೀರನ್ನು ಟರ್ಬೈನಿಗೆ ಕೊಟ್ಟರೆ ಹೊಗೆಯಿಲ್ಲದ, ಎಲ್ಲರ ಕೈಗೆಟುಕುವ ಕರೆಂಟು. ಮರಿಗಳ ಪಾಡು ಅಷ್ಟಕ್ಕಷ್ಟೇ. ತಿಳಿದವರೆಲ್ಲ ವರ್ಷಗಟ್ಟಲೆ ಕೂತು ಚರ್ಚಿಸಿ ಮಧ್ಯದ ದಾರಿಯೊಂದನ್ನು ಕಂಡುಹಿಡಿದರು. ಆ ದಾರಿಯ ಮೇಲೆ ಡೀಸೆಲ್ ಲಾರಿ ಓಡುತ್ತದೆ.

ಓಡಿಸುವವಳು ವರ್ನಾ ಕ್ಲಾಸೆನ್. ವಯಸ್ಸು ಐವತ್ತನಾಲ್ಕು. ಹನ್ನೊಂದು ವರ್ಷದಿಂದ ಮೀನು ಸಾಗಿಸುತ್ತಿದ್ದಾಳೆ. ಅದಕ್ಕೂ ಮೊದಲು ಆಲೂಗಡ್ಡೆ.

"ಆಲೂಗಡ್ಡೆ ದಾರೀಲಿ ಸಾಯಲ್ಲ," ಎನ್ನುತ್ತಾಳೆ. "ಆ ಸುಖ ಈಗ ಎಲ್ಲಿ ಬರ್ಬೇಕು."

೩

(ಎರಡನೆಯ ಡ್ರಾಫ್ಟಿನಲ್ಲಿ ಅವಳನ್ನು ಪರಿಸರದ ವೀರಮಾತೆ ಮಾಡಿದ್ದೆ. ಕಿಟಕಿಯಾಚೆ ಹಾರುವ ಕೂದಲು, ಕಣ್ಣಲ್ಲಿ ನದಿಯ ಪ್ರತಿಬಿಂಬ.

"ಏನ್ರೀ ಕಥೆಗಾರರೇ," ಎಂದಳು ವರ್ನಾ, "ಎಸಿ ಹಾಕ್ಕೊಂಡು ಓಡಿಸೋಳ ಕೂದಲು ಹೆಂಗ್ರೀ ಹಾರುತ್ತೆ? ಹೊರಗೆ ನೂರಾ ಎಂಟು ಡಿಗ್ರಿ. ಕಿಟಕಿ ತೆಗೆಯೋಕೆ ನನಗೇನು ಹುಚ್ಚೇ?"

ಕೂದಲು ತೆಗೆದೆ. ಪ್ರತಿಬಿಂಬವೂ ಹೋಯಿತು.)

ಎರಡು ಗಂಟೆ ದಾಟಿದ ಮೇಲೆ ಟ್ಯಾಂಕಿನ ನೀರನ್ನು ತಣ್ಣಗಿಡುವ ಯಂತ್ರ ಕೈಕೊಟ್ಟಿತು. ಮೀಟರು (ನಮ್ಮ ಕಡೆ ಎಲ್ಲವೂ ಫ್ಯಾರನ್‌ಹೀಟು) ಐವತ್ತೆಂಟರಿಂದ ಅರವತ್ತಕ್ಕೆ ಏರಿತು, ಆಮೇಲೆ ಅರವತ್ಮೂರು. ಎಪ್ಪತ್ತು ದಾಟಿದರೆ ಮರಿಗಳು ಉಳಿಯುವುದು ಕಷ್ಟ. ವರ್ನಾ ಹೆದ್ದಾರಿಯಿಂದಿಳಿದು, ಹಳ್ಳವೊಂದು ನದಿಗೆ ಸೇರುವ ಕಡೆ ಲಾರಿ ನಿಲ್ಲಿಸಿ ಕಚೇರಿಗೆ ಫೋನ್ ಮಾಡಿದಳು. ಎತ್ತಿದವನು ಅವಳ ಮೇಲಿನವನು, ಕರ್ಟಿಸ್.

"ಇನ್ನೊಂದು ಲಾರಿ ಕಳಿಸ್ತೀನಿ. ಎರಡು ಗಂಟೆ."

"ಎರಡು ಗಂಟೇಲಿ ಇಲ್ಲಿ ಸಾರು ರೆಡಿ ಇರುತ್ತೆ, ಕರ್ಟಿಸ್. ಇಲ್ಲೇ ಹಳ್ಳ ಇದೆ, ತಣ್ಣಗಿದೆ. ಬಿಟ್ಬಿಡ್ಲಾ?"

"ಆಗಲ್ಲ. ಮುಂದೆ ಇನ್ನೂ ಒಂದು ಅಣೆಕಟ್ಟಿದೆ. ಕೊನೇ ಅಣೆಕಟ್ಟಿನ ಕೆಳಗೇ ಬಿಡ್ಬೇಕು, ನಿಯಮ ಹಾಗಿದೆ. ನಡುದಾರೀಲಿ ಬಿಡೋಕೆ ನಮ್ಮಲ್ಲಿ ಫಾರಮ್ಮೇ ಇಲ್ಲ."

"ಸಾಯೋಕೆ ಫಾರಮ್ ಇದೆಯಾ?"

ಸ್ವಲ್ಪ ಹೊತ್ತು ಕಾಗದ ತಿರುವುವ ಸದ್ದು. "ಇದೆ," ಎಂದ ಕರ್ಟಿಸ್.

೪

ಆ ಹಳ್ಳದ ಬಾಯಲ್ಲಿ ಡೆಲ್ಮರನದೊಂದು ಶೆಡ್ಡಿದೆ, ಮೀನಿಗೆ ಹೊಗೆ ಹಾಕಿ ಒಣಗಿಸುವುದು. ಅವನು ಈ ನದಿಯ ಮೂಲನಿವಾಸಿ ಯಾಕಮಾ ಜನಾಂಗದವನು, ಎಪ್ಪತ್ತರ ಹತ್ತಿರ ಹತ್ತಿರ. ವರ್ನಾ ವರ್ಷಗಳಿಂದ ಅಲ್ಲಿ ನಿಲ್ಲಿಸಿ ಕಾಫಿ ಕುಡಿಯುತ್ತಾಳೆ. ಅವನು ನೆರಳಲ್ಲಿ ಬಲೆ ಹೊಲಿಯುತ್ತಾ ಕೂತಿದ್ದ.

"ಓಹೋ, ಡ್ರೈವರಮ್ಮ. ನಮ್ಮ ಮೀನಿಗೆ ಇವತ್ತು ಇಲ್ಲೇ ಸ್ಟಾಪಾ?"

"ನೀರು ಬಿಸಿಯಾಗ್ತಿದೆ, ಡೆಲ್ಮರ್. ಪಂಪಿದೆಯಲ್ಲ ನಿನ್ಹತ್ರ? ಹಳ್ಳದ ನೀರು ಟ್ಯಾಂಕಿಗೆ ಹೊಡೆಯೋಣ."

"ಪಂಪಿದೆ. ಕರೆಂಟಿಲ್ಲ."

"ಏನಂದೆ?"

"ಊರೆಲ್ಲ ಎಸಿ ಹಾಕ್ಕೊಂಡು ಕೂತಿದೆ. ತಡ್ಕೊಳ್ಳೋಕಾಗದೆ ಸರದಿ ಮೇಲೆ ತೆಗೀತಿದ್ದಾರೆ." ಅವನು ನದಿಯ ಮೇಲ್ಭಾಗಕ್ಕೆ ಬೆರಳು ತೋರಿಸಿದ. ಅಲ್ಲಿ ಅಣೆಕಟ್ಟಿನ ಬಿಳಿಗೋಡೆ ಬಿಸಿಲಲ್ಲಿ ಹೊಳೆಯುತ್ತಿತ್ತು. "ನಮ್ಮ ತಾತ ಮೀನು ಹಿಡೀತಿದ್ದ ಜಾಗ ಅದರ ಹಿಂದಿನ ನೀರಲ್ಲಿದೆ. ಅದರ ಬದಲಿಗೆ ನಮಗೆ ಕರೆಂಟು ಕೊಟ್ರು. ಇವತ್ತು ಅದೂ ಇಲ್ಲ."

ಮೀಟರು ಅರವತ್ತೇಳು.

ಆಗ ವರ್ನಾಳ ಅಮ್ಮನ ಫೋನು. ಐರಿನ್ ಎಂಬತ್ತಾರರ ಮುದುಕಿ, ಹೃದಯ ಅಷ್ಟು ಗಟ್ಟಿಯಿಲ್ಲ. ಇಲ್ಲಿಂದ ಇಪ್ಪತ್ತು ಮೈಲಿ ಆಚೆ, ತಗಡಿನ ಗೋಡೆಯ ಪುಟ್ಟ ಮನೆಯಲ್ಲಿ ಒಬ್ಬಳೇ ಇದ್ದಾಳೆ.

"ವರ್ನಾ, ಎಸಿ ನಿಂತೋಯ್ತು ಕಣೇ. ನಿನ್ನ ಮೀನುಗಳಿಗೆ ನೀರು ಬಿಟ್ಟಿರ್ತಾರೆ, ಅದಕ್ಕೇ."

"ನೀರು ಬಿಟ್ಟಿದ್ರೆ ಅವು ನನ್ನ ಲಾರೀಲಿ ಯಾಕಮ್ಮಾ ಇರ್ತಿದ್ವು?"

"ನನಗೆ ತರ್ಕ ಹೇಳ್ಬೇಡ. ನಮ್ಮಮ್ಮ ಏಳು ಜನರ ಬಟ್ಟೆ ಕೈಯಲ್ಲಿ ಒಗೀತಿದ್ಲು. ಬೆರಳೆಲ್ಲ ಸೀಳಿ ರಕ್ತ ಬರೋದು. ಆ ಅಣೆಕಟ್ಟು ಬಂದು, ಒಗೆಯೋ ಮಿಷನ್ನಿಗೆ ಕರೆಂಟು ಸಿಕ್ಮೇಲೇ ಅವಳ ಕೈ ವಾಸಿಯಾಗಿದ್ದು. ಅದನ್ನ ಒಡೀಬೇಕು ಅನ್ನೋರು ಒಂದು ವಾರ ಬಟ್ಟೆ ಒಗೀಲಿ, ಆಮೇಲೆ ಮಾತಾಡ್ಲಿ." ಒಂದು ಉಸಿರು. "ತಲೆ ಸುತ್ತುತ್ತಿದೆ ಕಣೇ."

ಪಕ್ಕದ ಮನೆಯ ಗ್ರೆಚೆನ್‌ಗೆ ಫೋನ್ ಮಾಡಿ, ಅಮ್ಮನ ಹತ್ತಿರ ಓಡು ಎಂದಳು ವರ್ನಾ.

(ಇಲ್ಲಿ ನಾನು ಜಾಣತನದಿಂದ ಒಂದು ವಾಕ್ಯ ಬರೆದಿದ್ದೆ: 'ಅಮ್ಮನ ಮಾತೂ ಸರಿ, ಡೆಲ್ಮರನ ಮಾತೂ ಸರಿ.' ವರ್ನಾ ಅದರ ಮೇಲೆ ಗೀಟೆಳೆದಳು. "ಅದು ನಂಗೂ ಗೊತ್ತು. ಮೀಟರು ನೋಡಿ.")

ಅರವತ್ತೊಂಬತ್ತು.

೫

ಡೆಲ್ಮರ್ ಶೆಡ್ಡಿನೊಳಗಿಂದ ಹಳೇ ಪೆಟ್ರೋಲ್ ಜನರೇಟರ್ ಎಳೆದು ತಂದ. ಹಗ್ಗ ಜಗ್ಗಿ ಜಗ್ಗಿ ಇಬ್ಬರ ತೋಳೂ ಬಿದ್ದುಹೋಯಿತು. ಕೊನೆಗೆ ಅದು ಕೆಮ್ಮಿ, ಕಪ್ಪು ಹೊಗೆ ಕಾರಿ, ಹೊತ್ತಿಕೊಂಡಿತು. ಹೊಗೆಯಿಲ್ಲದ ಕರೆಂಟಿನ ಸಾಮ್ರಾಜ್ಯದ ಬಾಗಿಲಲ್ಲಿ, ಹೊಗೆಯುಗುಳುವ ಡಬ್ಬಿಯೊಂದು ಸಾಲ್ಮನ್ ರಕ್ಷಣೆಗೆ ನಿಂತಿತು. ಪಂಪು ಹಳ್ಳದ ತಣ್ಣೀರನ್ನು ಟ್ಯಾಂಕಿಗೆ ಸುರಿಯಿತು. ಅರವತ್ತೆಂಟು. ಅರವತ್ತಾರು. ವರ್ನಾ ಟ್ಯಾಂಕಿನ ಮೇಲೆ ಹತ್ತಿ ಮುಚ್ಚಳ ತೆಗೆದು ನೋಡಿದಳು. ಮರಿಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬೆರಳುದ್ದದ, ಬೆಳ್ಳಗಿನ ಮೈಗಳು.

ಅಷ್ಟರಲ್ಲಿ ಪೆಟ್ರೋಲು ಮುಗಿಯಿತು.

"ಇನ್ನೊಂದು ಕ್ಯಾನ್?"

"ನಿನ್ನೆ ದೋಣಿಗೆ ಹಾಕ್ಬಿಟ್ಟೆ," ಎಂದ ಡೆಲ್ಮರ್. "ಬಿಡು ವರ್ನಾ. ತಣ್ಣೀರು ಸ್ವಲ್ಪ ಅಭ್ಯಾಸ ಆಗಿದೆ. ಹಳ್ಳ ಅವಕ್ಕೆ ದಾರಿ ತೋರ್ಸುತ್ತೆ."

"ಮುಂದಿನ ಅಣೆಕಟ್ಟು?"

"ಅದನ್ನ ನಾನು ಕಟ್ಟಿಲ್ಲ."

ಅವಳು ದಪ್ಪ ಪೈಪನ್ನು ಹಳ್ಳಕ್ಕಿಳಿಸಿದಳು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ನಿಯಮ ಮುರಿದವಳಲ್ಲ. ಗೇಟಿನ ಹಿಡಿ ಹಿಡಿದು ಒಂದು ನಿಮಿಷ ನಿಂತಳು. ಫೋನು ಮತ್ತೆ ಬಡಿದುಕೊಂಡಿತು. ಕರ್ಟಿಸ್. ಎತ್ತಲಿಲ್ಲ. ಗೇಟು ತೆರೆದಳು.

ನೀರಿನ ಜೊತೆ ಇಪ್ಪತ್ತು ಸಾವಿರ ಬೆಳ್ಳಿ ಗೆರೆಗಳು ಸುರಿದು, ಕ್ಷಣದಲ್ಲಿ ಆಳಕ್ಕಿಳಿದು ಮಾಯವಾದವು. ಮುನ್ನೂರೋ ನಾನೂರೋ ಮಾತ್ರ ಹೊಟ್ಟೆ ಮೇಲಾಗಿ ತೇಲಿದವು. ವರ್ನಾ ಮೊಣಕಾಲುದ್ದ ನೀರಿಗಿಳಿದು ಅವನ್ನು ಬುಟ್ಟಿಗೆ ಹೆಕ್ಕಿದಳು. ಹೆಕ್ಕುತ್ತಾ ಅತ್ತಳು. (ಅದನ್ನು ಬರೆಯಬೇಡಿ ಎಂದಿದ್ದಳು. ಬರೆದಿದ್ದೇನೆ.)

ಆಮೇಲೆ ಫೋನೆತ್ತಿದಾಗ ಕರ್ಟಿಸ್ ಮಂಗಳಾರತಿ ಎತ್ತಿ, ವಿಚಾರಣೆ ಮುಗಿಯುವತನಕ ಮನೆಯಲ್ಲಿರು ಎಂದ.

೬

ಈಗ ಮುಗಿಸಬೇಕು. ನನ್ನ ಹತ್ತಿರ ಮುಕ್ತಾಯಗಳಿಗೇನು ಬರವಿಲ್ಲ.

ಅ) ವರ್ನಾ ತಲುಪುವಷ್ಟರಲ್ಲಿ ಅಮ್ಮ ತೀರಿಕೊಂಡಿರುತ್ತಾಳೆ.

"ಅಮ್ಮನ್ನ ಯಾಕ್ರೀ ಸಾಯಿಸ್ತೀರಿ? ಬುಟ್ಟಿ ತುಂಬ ಮೀನು ಸಾಲ್ಲಿಲ್ವಾ?"

ಆ) ನಾಲ್ಕು ವರ್ಷದ ನಂತರ, ಸಮುದ್ರ ಸುತ್ತಿ ಬಂದ ದೊಡ್ಡದೊಂದು ಸಾಲ್ಮನ್ ಡೆಲ್ಮರನ ಬಲೆಗೆ ಬೀಳುತ್ತದೆ. ಇಬ್ಬರೂ ಮೌನವಾಗಿ ನೋಡುತ್ತಾರೆ.

"ಅದು ನನ್ನ ಲಾರಿ ಮೀನೇ ಅಂತ ಹೆಂಗೆ ಗೊತ್ತಾಯ್ತು? ಟಿಕೆಟ್ಟು ತೋರಿಸ್ತಾ?"

ಇ) ತಜ್ಞರ ಸಮಿತಿಯೊಂದು ಎಲ್ಲರಿಗೂ ಒಪ್ಪಿಗೆಯಾಗುವ—

(ಇದಕ್ಕೆ ವರ್ನಾ ನಕ್ಕಳು. ಬಹಳ ಹೊತ್ತು ನಕ್ಕಳು.)

೭

ಆದದ್ದು ಇಷ್ಟೇ. ಖಾಲಿ ಲಾರಿಯಲ್ಲೇ ವರ್ನಾ ಅಮ್ಮನ ಮನೆ ಮುಟ್ಟಿದಾಗ ಸಂಜೆ ಆರು. ಐರಿನ್ ನೈಟಿ ತೊಟ್ಟು, ತಣ್ಣೀರು ತುಂಬಿದ ಬಚ್ಚಲ ತೊಟ್ಟಿಯಲ್ಲಿ ಕಾಲು ಚಾಚಿ ಕೂತಿದ್ದಳು. ಗ್ರೆಚೆನ್ ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲಿದ್ದಳು. ಮುದುಕಿಯ ಮುಖ ಕೆಂಪಗಿತ್ತು, ಕೈ ಬಿಸಿಯಾಗಿತ್ತು, ಬಾಯಿ ಮಾತ್ರ ಚೆನ್ನಾಗಿತ್ತು.

"ಬಂದ್ಯಾ? ಮೀನೆಲ್ಲ ಕ್ಷೇಮವಾ?"

"ಬಹುತೇಕ."

"ಒಳ್ಳೇದಾಯ್ತು. ನನ್ನನ್ನ ಮೇಲೆತ್ತು."

ಅಷ್ಟರಲ್ಲಿ ಕರೆಂಟು ಬಂತು. ಎಸಿ ಎಷ್ಟಕ್ಕಿಟ್ಟಿದೆ ಎಂದು ಹೇಳುವ ಗೋಡೆಯ ಪೆಟ್ಟಿಗೆ ಎಪ್ಪತ್ತೆಂಟು ತೋರಿಸಿತು. ವರ್ನಾ ಅಮ್ಮನನ್ನು ಒರೆಸಿ, ಒಣ ನೈಟಿ ತೊಡಿಸಿ ಮಂಚಕ್ಕೆ ಕೂರಿಸಿದಳು.

"ಇನ್ನೂ ತಣ್ಣಗೆ ಮಾಡೇ."

ವರ್ನಾ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಿದಳೇ? ಎಷ್ಟಕ್ಕೆ ಇಳಿಸಿದಳು? ಮುದುಕಿಗೆ ಬೇಕಾದಷ್ಟಕ್ಕೋ, ನದಿ ತಾಳುವಷ್ಟಕ್ಕೋ? ನಾನು ಪೆನ್ನು ಹಿಡಿದು ಕಾದೆ. ಅವಳು ತಿರುಗಿ ನನ್ನನ್ನೇ ನೋಡಿದಳು.

"ನಿಮ್ಮನೇಲಿ ಎಷ್ಟಕ್ಕಿಟ್ಟಿದ್ದೀರಿ?"

ನಾನೂ ನದಿಯ ಆಚೆ ದಡದವನೇ. ನನ್ನ ಕೋಣೆಯ ಗೋಡೆ ನೋಡಿಕೊಂಡೆ. ಅರವತ್ತೆಂಟು.

"ಅದು ಕಥೆಗೆ ಸಂಬಂಧಪಟ್ಟಿದ್ದಲ್ಲ," ಎಂದೆ.

"ಸರಿ, ಹಂಗಾದ್ರೆ ಇದೂ ಅಲ್ಲ," ಎಂದು ಅವಳು ಬೆನ್ನು ಅಡ್ಡ ಹಿಡಿದಳು. ಗುಂಡಿ ನನಗೆ ಕಾಣದಾಯಿತು.