ನೆನೆಸಿದ ಹೊಟ್ಟು

ಮಲಕವ್ವ ಎರಡನೆಯ ಚೊಂಬಿನ ನೀರನ್ನು ಜೋಳದ ಹೊಟ್ಟಿನ ಮೇಲೆ ಸುರಿದು, ಧೂಳೇಳುವುದು ನಿಲ್ಲುವತನಕ ಕೈಯಿಂದ ಕಲೆಸಿದಳು. ಆಮೇಲೆ ಅದನ್ನು ಚೀಲಕ್ಕೆ ತುಂಬಿ ಬಿಜಲಿಯ ಮೂತಿಗೆ ಕಟ್ಟಿದಳು.

ಆ ತಟ್ಟುಕುದುರೆಗೆ ಎರಡು ವರ್ಷದಿಂದ ದಮ್ಮು. ಕುರಿಗಳ ಹಿಂದೆ ಹೋಗಲು ಗಂಡ ಅಣ್ಣಾಸಾಬ ಹತ್ತಿದರೆ ಸಾಕು, ಕೆಮ್ಮುತ್ತ ಹಿಂಗಾಲೆತ್ತಿ ಕೆಡವುತ್ತಿತ್ತು. ಎಂಟು ದಿನದ ಹಿಂದೆ ಅವನು ಅದಕ್ಕೆ ಚಾಬೂಕಿನಿಂದ ಬಾರಿಸಿ, “ಇನ್ನೊಮ್ಮೆ ಕೆಡವಿದರ ಸಂತ್ಯಾಗ ಮಾರಿಬಿಡತೇನಿ” ಎಂದಿದ್ದ. ಅವತ್ತೇ ಒಣ ಹೊಟ್ಟು ತುಂಬುವಾಗ ಎದ್ದ ಧೂಳಿಗೆ ಮಲಕವ್ವನಿಗೂ ಕೆಮ್ಮು ಒತ್ತರಿಸಿ ಬಂತು. ಮೂಗಿಗೇ ಈ ಚೀಲ ಕಟ್ಟಿಸಿಕೊಳ್ಳುವ ಜೀವದ ಪಾಡೇನು ಎನ್ನಿಸಿತು. ಅಂದಿನಿಂದ ನೆನೆಸಿಯೇ ಕಟ್ಟುತ್ತಿದ್ದಳು.

ಬಿಜಲಿ ತಿಂದು ಮುಗಿಸಿತು. ಅಣ್ಣಾಸಾಬ ಅದನ್ನು ಹತ್ತಿ ಹಳ್ಳದವರೆಗೆ ಹೋಗಿ ಬಂದ. ಅದು ಒಮ್ಮೆಯೂ ಕೆಮ್ಮಲಿಲ್ಲ, ಹಿಂಗಾಲೆತ್ತಲಿಲ್ಲ.

“ನೋಡಿದಿ ಏನ? ಚಾಬೂಕ ಬಿದ್ದ ಮ್ಯಾಲೆ ಹ್ಯಾಂಗ ಬುದ್ಧಿ ಬಂತು!”

“ಹೌದ್ರಿ, ಭಾಳ ಶಾಣ್ಯಾ ಆಗೇತಿ.”

“ನೀನೂ ಹಿಂಗ ನೋಡ ಬೇ. ಮದುವ್ಯಾದ ಹೊಸದಾಗ ಒಂದ ಸಲ ಗದರಿಸಿದ್ದಕ್ಕ ಗಪ್ಪಾದಿ.”

ಮಲಕವ್ವ ನಕ್ಕಳು. ಆಗ ಅವಳು ಸುಮ್ಮನಾದದ್ದು ಹೆದರಿ ಅಲ್ಲ, ಹೇಳಿದರೂ ಇವನು ಕೇಳುವುದಿಲ್ಲವೆಂದು ತಿಳಿದು. ಹೊಟ್ಟು ನೆನೆಸುವ ಸಂಗತಿ ಹೇಳಿದರೂ ಇವನು ನಕ್ಕು ಬಿಡಿಸಿಬಿಡುತ್ತಾನೆ.

ಅಣ್ಣಾಸಾಬ ಚಾಬೂಕನ್ನು ಗೂಟಕ್ಕೆ ಸಿಕ್ಕಿಸಿ ಒಳಗೆ ಹೋದ. ಅವಳು ನಾಳೆಯ ಹೊಟ್ಟನ್ನು ಬುಟ್ಟಿಗೆ ಸುರಿದಿಟ್ಟಳು. ಬೆಳಿಗ್ಗೆ ಅವನ ಸ್ನಾನದ ನೀರಿಗೆ ಉರಿ ಹಾಕುವಾಗ, ಕಟ್ಟಿಗೆಯ ಜೊತೆ ಆ ಚಾಬೂಕನ್ನೂ ಒಲೆಗೆ ತುರುಕಬೇಕೆಂದುಕೊಂಡಳು.